ಕುಂಡದ ಗಿಡಕ್ಕೆ ಎರಡನೆಯ ಹೂ

ಡಿಸೆಂಬರ್ ತಿಂಗಳಲ್ಲಿ ನರ್ಸರಿಯಿಂದ ಕೊಂಡು ತಂದ ಕ್ಯಾಲಂಚೊ ಗಿಡವು ಒಂದೆರಡು ತಿಂಗಳ ಕಾಲ ಮನೆಯ ಕಿಟಕಿಯನ್ನು ಬೆಳಗುತ್ತದೆ. ಕೆಂಪು, ಹಳದಿ, ಕಿತ್ತಳೆ ಬಣ್ಣದ ಪುಟ್ಟ ಹೂಗಳು ಗೊಂಚಲುಗೊಂಚಲಾಗಿ ಅರಳಿ ನಿಲ್ಲುತ್ತವೆ. ಫೆಬ್ರವರಿ ಕಳೆಯುವ ವೇಳೆಗೆ ಹೂಗಳು ಕಂದಿ, ತೊಟ್ಟು ಒಣಗಿ, ದಪ್ಪನೆಯ ಎಲೆಗಳು ಮಾತ್ರ ಉಳಿಯುತ್ತವೆ. ಮನೆಯವರು ನೀರೆರೆಯುತ್ತಾರೆ, ಗೊಬ್ಬರ ಹಾಕುತ್ತಾರೆ. ಗಿಡ ಸೊಂಪಾಗಿ ಎಲೆ ಬಿಡುತ್ತದೆಯೇ ಹೊರತು ಹೂ ಬಿಡುವುದಿಲ್ಲ. ರಾತ್ರಿ ಹತ್ತು ಹನ್ನೊಂದರವರೆಗೆ ದೀಪ ಉರಿಯುವ ನಡುಮನೆಯಲ್ಲಿದ್ದರಂತೂ ಮುಂದಿನ ಚಳಿಗಾಲ ಬಂದರೂ ಅದು ಮೊಗ್ಗು ಕಟ್ಟದಿರುವುದುಂಟು. ಕೊನೆಗೆ, ಇದು ಒಮ್ಮೆ ಮಾತ್ರ ಹೂ ಬಿಡುವ ಜಾತಿಯೆಂದು ತೀರ್ಮಾನಿಸಿ ಗಿಡವನ್ನು ತಿಪ್ಪೆಗೆ ಎಸೆಯುತ್ತಾರೆ. ಇನ್ನೂ ಹಲವು ಬಾರಿ ಹೂ ಬಿಡಬಲ್ಲ, ಯಾವ ರೋಗವೂ ಇಲ್ಲದ ಗಿಡಕ್ಕೆ ಇದು ಅನ್ಯಾಯದ ಶಿಕ್ಷೆಯೆಂದೇ ಹೇಳಬೇಕು.

ಹೂ ಬಿಡದ ಗಿಡ ಹಸಿದಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಕಾಯುತ್ತಿರುತ್ತದೆ. ಗಿಡದ ಪ್ರತಿಯೊಂದು ಕುಡಿಯ ತುದಿಯಲ್ಲಿಯೂ ಸದಾ ವಿಭಜನೆ ಹೊಂದುತ್ತಿರುವ ಜೀವಕೋಶಗಳ ಚಿಕ್ಕ ಗುಂಪೊಂದಿದೆ. ಇದು ಎಲೆಯ ಮೇಲೆ ಎಲೆಯನ್ನು ಹುಟ್ಟಿಸುತ್ತಾ ಹೋಗುತ್ತದೆ. ತಕ್ಕ ಸೂಚನೆ ದೊರೆತಾಗ ಮಾತ್ರ ಇದೇ ಕೋಶಗಳು ಎಲೆಯನ್ನು ಬಿಟ್ಟು ಹೂವಿನ ಭಾಗಗಳನ್ನು ರೂಪಿಸತೊಡಗುತ್ತವೆ. ಆ ಸೂಚನೆ ಎಲ್ಲ ಗಿಡಗಳಿಗೂ ಒಂದೇ ಅಲ್ಲ. ಕೆಲವಕ್ಕೆ ದೀರ್ಘವಾದ ರಾತ್ರಿ ಬೇಕು. ಕೆಲವಕ್ಕೆ ಒಣಹವೆಯ ಅನಂತರ ಬೀಳುವ ಮಳೆ ಬೇಕು. ಕೆಲವಕ್ಕೆ ತಂಪು ಬೇಕು. ಮತ್ತೆ ಕೆಲವಕ್ಕೆ ಹೊಸ ಚಿಗುರೊಂದು ಹೊರಟರೆ ಸಾಕು. ಪ್ರಕೃತಿಯು ಈ ಸೂಚನೆಯನ್ನು ವರ್ಷಕ್ಕೊಮ್ಮೆ ಕೊಟ್ಟರೆ ಗಿಡ ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಅದನ್ನೇ ನಾವು ಮತ್ತೊಮ್ಮೆ ಕೊಡಬಲ್ಲೆವಾದರೆ ಗಿಡ ಮತ್ತೊಮ್ಮೆ ಹೂ ಬಿಡಲು ಅಡ್ಡಿಯೇನೂ ಇಲ್ಲ. ಇದನ್ನರಿಯದೆ ಗೊಬ್ಬರವನ್ನೇ ಸುರಿಯುತ್ತ ಹೋದರೆ, ಅದರಲ್ಲಿಯೂ ಸಾರಜನಕ ಹೆಚ್ಚಾಗಿರುವ ಗೊಬ್ಬರವನ್ನು ಸುರಿದರೆ, ಎಲೆಯ ಸೊಂಪು ಹೆಚ್ಚುವುದಷ್ಟೇ ಫಲ.

ಈ ಸೂಚನೆಗಳಲ್ಲಿ ಅತ್ಯಂತ ಕುತೂಹಲಕರವಾದುದು ರಾತ್ರಿಯದು. ಅದು ಬೆಳಕಿಗೆ ಬಂದುದು ಒಂದು ತಂಬಾಕಿನ ಗಿಡದಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಮೇರಿಲ್ಯಾಂಡ್ ಮ್ಯಾಮತ್ ಎಂಬ ತಳಿಯನ್ನು ಬೆಳೆಸುತ್ತಿದ್ದರು. ಬೇಸಿಗೆಯ ಹೊಲದಲ್ಲಿ ಇದು ಆಳೆತ್ತರವನ್ನೂ ಮೀರಿ ಬೆಳೆಯುತ್ತಿತ್ತು; ಆದರೆ ಹೂ ಮಾತ್ರ ಇಲ್ಲ, ಆದುದರಿಂದ ಬೀಜವೂ ಇಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಇಟ್ಟ ಅದೇ ತಳಿಯ ಗಿಡ ಗಿಡ್ಡವಾಗಿದ್ದಾಗಲೇ ಹೂ ಬಿಡುತ್ತಿತ್ತು. ಶಾಖ, ತೇವ, ಮಣ್ಣಿನ ಸಾರ ಇವುಗಳಲ್ಲಿ ಯಾವುದರಿಂದಲೂ ಈ ಭೇದವನ್ನು ವಿವರಿಸಲಾಗಲಿಲ್ಲ. ೧೯೧೮ರ ಬೇಸಿಗೆಯಲ್ಲಿ ಅವರು ಕುಂಡದ ಗಿಡಗಳನ್ನು ಪ್ರತಿದಿನ ಸಂಜೆ, ಇನ್ನೂ ಹೊತ್ತಿರುವಾಗಲೇ, ಕತ್ತಲೆಯ ಗೂಡಿನೊಳಕ್ಕೆ ಸೇರಿಸಿ, ಮರುದಿನ ಬಿಸಿಲೇರಿದ ಮೇಲೆ ಹೊರಕ್ಕೆ ತಂದರು. ನಡುಬೇಸಿಗೆಯಲ್ಲಿಯೇ ತಂಬಾಕು ಹೂ ಬಿಟ್ಟಿತು. ೧೯೨೦ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿ, ಹಗಲಿನ ಉದ್ದವನ್ನನುಸರಿಸಿ ಗಿಡಗಳನ್ನು ಹ್ರಸ್ವದಿನ ಸಸ್ಯಗಳು, ದೀರ್ಘದಿನ ಸಸ್ಯಗಳು, ಎರಡಕ್ಕೂ ತಟಸ್ಥವಾಗಿರುವ ಸಸ್ಯಗಳು ಎಂದು ವಿಂಗಡಿಸುವ ದಾರಿಯನ್ನು ತೆರೆದರು.

ಹ್ರಸ್ವದಿನ ಎಂಬ ಹೆಸರು ಇಂದಿಗೂ ಉಳಿದಿದೆ. ಆದರೆ ಅದು ಸರಿಯಾದ ಹೆಸರಲ್ಲ. ೧೯೩೮ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು, ಮುಳ್ಳುಕಾಯಿಗಳಿಂದ ಬಟ್ಟೆಗೆ ಅಂಟಿಕೊಳ್ಳುವ ಕ್ಸಾಂಥಿಯಂ ಎಂಬ ಕಳೆಗಿಡದ ಮೇಲೆ ಪ್ರಯೋಗ ನಡೆಸಿ, ಗಿಡವು ಅಳೆಯುವುದು ಹಗಲನ್ನಲ್ಲ, ರಾತ್ರಿಯನ್ನು ಎಂದು ತೋರಿಸಿದರು. ಹಗಲಿನ ನಡುವೆ ಗಿಡವನ್ನು ಸ್ವಲ್ಪ ಹೊತ್ತು ಕತ್ತಲೆಯಲ್ಲಿಟ್ಟರೆ ಏನೂ ಆಗುವುದಿಲ್ಲ. ರಾತ್ರಿಯ ನಡುವೆ ಕೆಲವೇ ನಿಮಿಷ ದೀಪ ಹಚ್ಚಿದರೆ ಮಾತ್ರ ಇಡೀ ರಾತ್ರಿಯ ಪ್ರಭಾವ ಅಳಿಸಿಹೋಗುತ್ತದೆ, ಹೂ ಬರುವುದಿಲ್ಲ. ಗಿಡಕ್ಕೆ ಬೇಕಾದುದು ಭಂಗವಿಲ್ಲದ ಕತ್ತಲೆ.

ಹೀಗೆ ರಾತ್ರಿಯನ್ನು ಅಳೆಯುವ ಅಂಗ ಯಾವುದು? ಹೂ ಮೂಡುವುದು ಕುಡಿಯಲ್ಲಿಯಾದುದರಿಂದ ಅಳೆಯುವುದೂ ಕುಡಿಯೇ ಇರಬೇಕೆಂದು ತೋರುತ್ತದೆ. ರಷ್ಯಾದ ಚೈಲಖ್ಯಾನ್ ೧೯೩೦ರ ದಶಕದಲ್ಲಿ ಸೇವಂತಿಗೆಯ ಮೇಲೆ ನಡೆಸಿದ ಪ್ರಯೋಗ ಈ ಊಹೆಯನ್ನು ತಳ್ಳಿಹಾಕಿತು. ಕೆಳಗಿನ ಎಲೆಗಳಿಗೆ ಮಾತ್ರ ದೀರ್ಘ ರಾತ್ರಿಯನ್ನು ಕೊಟ್ಟು, ಎಲೆ ಕಿತ್ತ ಕುಡಿಯನ್ನು ದೀರ್ಘ ಹಗಲಿನಲ್ಲಿಟ್ಟಾಗ ಗಿಡ ಹೂ ಬಿಟ್ಟಿತು. ಇದನ್ನು ತಿರುಗುಮುರುಗು ಮಾಡಿದಾಗ ಬಿಡಲಿಲ್ಲ. ಕತ್ತಲೆಯನ್ನು ಅರಿಯುವುದು ಎಲೆ. ಅಲ್ಲಿಂದ ಯಾವುದೋ ವಸ್ತು ಕುಡಿಗೆ ಹರಿದುಹೋಗಿ ಹೂವಿನ ಅಪ್ಪಣೆಯನ್ನು ಮುಟ್ಟಿಸುತ್ತದೆ. ಆ ವಸ್ತುವಿಗೆ ಅವರು ಫ್ಲಾರಿಜೆನ್ ಎಂದು ಹೆಸರಿಟ್ಟರು. ಹೆಸರೇನೋ ಬಂದಿತು, ವಸ್ತು ಮಾತ್ರ ಎಪ್ಪತ್ತು ವರ್ಷ ಯಾರ ಕೈಗೂ ಸಿಗಲಿಲ್ಲ. ೨೦೦೭ರಲ್ಲಿ ಅರಾಬಿಡೋಪ್ಸಿಸ್ ಎಂಬ ಸಣ್ಣ ಗಿಡದಲ್ಲಿಯೂ ಭತ್ತದಲ್ಲಿಯೂ, ಎಲೆಯಲ್ಲಿ ತಯಾರಾಗಿ ಕುಡಿಗೆ ಸಾಗುವ ಒಂದು ಸಣ್ಣ ಪ್ರೋಟೀನೇ ಈ ದೂತನೆಂದು ಖಚಿತವಾಯಿತು. ಇನ್ನು ಎಲೆಯಲ್ಲಿ ಬೆಳಕನ್ನು ಗ್ರಹಿಸುವ ವರ್ಣದ್ರವ್ಯಕ್ಕೆ ಫೈಟೊಕ್ರೋಮ್ ಎಂದು ಹೆಸರು. ಕೆಂಪು ಬೆಳಕು ಬಿದ್ದರೆ ಇದು ಒಂದು ರೂಪಕ್ಕೆ ತಿರುಗುತ್ತದೆ. ಕೆಂಪಿನ ಅಂಚಿನಲ್ಲಿರುವ, ನಮ್ಮ ಕಣ್ಣಿಗೆ ಕಷ್ಟದಿಂದ ಕಾಣುವ ಗಾಢ ಕೆಂಪು ಬಿದ್ದರೆ ಹಿಂದಿನ ರೂಪಕ್ಕೆ ಮರಳುತ್ತದೆ. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾಲಯದಲ್ಲಿ ಬೋರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ೧೯೫೦ರ ದಶಕದಲ್ಲಿ ಇದನ್ನು ಕಂಡುಹಿಡಿದರು.

ಇಂಗ್ಲೆಂಡಿನಂತಹ ದೇಶದಲ್ಲಿ ಗಿಡ ರಾತ್ರಿಯನ್ನು ಅಳೆಯುವುದು ಸುಲಭವಿರಬಹುದು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗೂ ಮಿಕ್ಕಿದ್ದು, ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆಯಾಗುತ್ತದೆ. ನಮ್ಮಲ್ಲಿ ಹೇಗೆ? ಬೆಂಗಳೂರಿನ ಅತ್ಯಂತ ದೀರ್ಘ ಹಗಲು ಸುಮಾರು ೧೨ ಗಂಟೆ ೫೩ ನಿಮಿಷ, ಅತ್ಯಂತ ಹ್ರಸ್ವವಾದುದು ಸುಮಾರು ೧೧ ಗಂಟೆ ೨೨ ನಿಮಿಷ. ವರ್ಷವಿಡೀ ಸೇರಿ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಗಡಿಯಾರ ನೋಡದಿದ್ದರೆ ನಮ್ಮ ಗಮನಕ್ಕೇ ಬಾರದ ಈ ಅಂತರವನ್ನು ಕ್ಯಾಲಂಚೊ ಗಿಡವು ತಪ್ಪದೆ ಗುರುತಿಸುತ್ತದೆ. ಅದಕ್ಕೆ ಬೇಕಾದ ಕತ್ತಲೆ ಸುಮಾರು ಹನ್ನೆರಡು ಗಂಟೆಗಳಿಗಿಂತ ಹೆಚ್ಚು. ನಮ್ಮ ಜೂನ್ ತಿಂಗಳ ರಾತ್ರಿ ಅದಕ್ಕೆ ಸಾಲದು, ಡಿಸೆಂಬರಿನದು ಸಾಕು. ನಡುಮನೆಯ ದೀಪ ಅಥವಾ ಕಿಟಕಿಯಾಚೆಯ ಬೀದಿದೀಪ ಆ ರಾತ್ರಿಯನ್ನು ಮೊಟಕುಗೊಳಿಸಿದರೆ ಡಿಸೆಂಬರಿನಲ್ಲಿಯೂ ಅದರ ಪಾಲಿಗೆ ಜೂನ್ ತಿಂಗಳೇ.

ಇಷ್ಟು ತಿಳಿದ ಮೇಲೆ ಉಪಾಯ ತಾನಾಗಿಯೇ ಹೊಳೆಯುತ್ತದೆ. ಜೂನ್ ಆರಂಭದಿಂದ ಪ್ರತಿದಿನ ಸಂಜೆ ಐದು ಗಂಟೆಗೆ ಕ್ಯಾಲಂಚೊ ಕುಂಡದ ಮೇಲೆ ಬೆಳಕು ನುಸುಳದ ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಬೆಳಿಗ್ಗೆ ಎಂಟಕ್ಕೆ ತೆಗೆಯಬೇಕು. ಹಗಲಿನಲ್ಲಿ ಗಿಡಕ್ಕೆ ಒಳ್ಳೆಯ ಬೆಳಕಿರಬೇಕು. ಕತ್ತಲೆಯಷ್ಟರಿಂದಲೇ ಹೂ ಬರುವುದಿಲ್ಲ, ಆಹಾರ ತಯಾರಾಗುವುದು ಬೆಳಕಿನಲ್ಲಿಯೇ. ಆರು ವಾರ ಒಂದು ದಿನವೂ ತಪ್ಪದೆ ಹೀಗೆ ಮಾಡಿದರೆ ಗಿಡ ಮೊಗ್ಗಿನ ಹಾದಿಗೆ ತಿರುಗಿರುತ್ತದೆ. ಅನಂತರ ಪೆಟ್ಟಿಗೆ ಬೇಕಿಲ್ಲ. ಆರಂಭದಿಂದ ಹತ್ತು ಹನ್ನೆರಡು ವಾರಗಳಲ್ಲಿ ಹೂ ಅರಳುತ್ತದೆ. ಪೆಟ್ಟಿಗೆಯೊಳಗೆ ಕಾವು ಹೆಚ್ಚಿದರೆ ಕೆಲಸ ಕೆಡುತ್ತದೆ. ಆದುದರಿಂದ ಬೆಂಗಳೂರು, ಮೈಸೂರು, ಮಲೆನಾಡುಗಳ ಮಳೆಗಾಲಕ್ಕೆ ಒಪ್ಪುವ ಈ ವಿಧಾನವನ್ನು ಕಲಬುರಗಿಯ ಮೇ ತಿಂಗಳಲ್ಲಿ ಪ್ರಯೋಗಿಸಿ ಫಲವಿಲ್ಲ. ಹೂ ಮುಗಿದೊಡನೆ ಒಣಗಿದ ಗೊಂಚಲುಗಳನ್ನು ಎರಡು ಜೊತೆ ಎಲೆಗಳ ಸಹಿತ ಸವರಿದರೆ ಹೊಸ ಕವಲುಗಳೊಡೆದು, ಬರುವ ಚಳಿಗಾಲದ ಸಹಜವಾದ ರಾತ್ರಿಗಳಿಗೆ ಮತ್ತೆ ಮೊಗ್ಗು ಕಟ್ಟುತ್ತವೆ.

ಕಾಲೇಜಿನ ವಿದ್ಯಾರ್ಥಿಗಳು ಇದನ್ನೇ ಒಂದು ಪ್ರಯೋಗವನ್ನಾಗಿ ಮಾಡಬಹುದು. ಒಂದೇ ತಾಯಿಗಿಡದಿಂದ ತೆಗೆದು ಬೆಳೆಸಿದ, ಒಂದೇ ಎತ್ತರದ ಮೂರು ಗಿಡಗಳನ್ನು ಆರಿಸಿಕೊಳ್ಳಬೇಕು. ಒಂದನ್ನು ಹಾಗೆಯೇ ಬಿಡುವುದು. ಎರಡನೆಯದನ್ನು ಮೇಲೆ ಹೇಳಿದಂತೆ ಮುಚ್ಚುವುದು. ಮೂರನೆಯದನ್ನೂ ಮುಚ್ಚಿ, ನಡುರಾತ್ರಿ ಮಾತ್ರ ಪೆಟ್ಟಿಗೆ ತೆಗೆದು ಅರ್ಧ ಗಂಟೆ ದೀಪದ ಬೆಳಕಿನಲ್ಲಿಟ್ಟು ಮತ್ತೆ ಮುಚ್ಚುವುದು. ಎರಡನೆಯ ಮತ್ತು ಮೂರನೆಯ ಗಿಡಗಳಿಗೆ ದೊರೆಯುವ ಕತ್ತಲೆಯ ಮೊತ್ತದಲ್ಲಿ ಹೇಳಿಕೊಳ್ಳುವಂತಹ ಭೇದವಿಲ್ಲ. ಆದರೂ ಒಂದು ಹೂ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ನಡುರಾತ್ರಿ ಏಳುವ ಕಷ್ಟವೊಂದಿದೆ. ಹಾಸ್ಟೆಲಿನಲ್ಲಿ ನಾಲ್ವರು ಸರದಿಯ ಮೇಲೆ ಮಾಡಿದರೆ ಅದೇನೂ ದೊಡ್ಡದಲ್ಲ.

ಮೆಕ್ಸಿಕೊ ದೇಶದ ಪಾಯಿನ್ಸೆಟಿಯಾ ಗಿಡಕ್ಕೂ ಸೂಚನೆ ದೀರ್ಘ ರಾತ್ರಿಯೇ. ನಾವು ಹೂವೆಂದು ಮೆಚ್ಚುವ ಅದರ ಕೆಂಪು ಭಾಗಗಳು ಬಣ್ಣ ತಳೆದ ಎಲೆಗಳು. ನಿಜವಾದ ಹೂಗಳು ಅವುಗಳ ನಡುವೆ ಹಳದಿಯಾಗಿ ಅಡಗಿರುತ್ತವೆ. ಸೇವಂತಿಗೆಯ ವಿಷಯದಲ್ಲಿ ನಮ್ಮ ರೈತರು ಇದೇ ತತ್ತ್ವವನ್ನು ತಲೆಕೆಳಗಾಗಿ ಬಳಸುತ್ತಾರೆ. ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡುವವರಿಗೆ ಸಾಲುಸಾಲಾಗಿ ದೀಪ ತೂಗುಬಿಟ್ಟ ಸೇವಂತಿಗೆ ಹೊಲಗಳು ಕಾಣಸಿಗುವುದುಂಟು. ಅದು ಅಲಂಕಾರವಲ್ಲ. ಎಳೆಯ ಗಿಡ ಅವಸರದಿಂದ ಮೊಗ್ಗು ಕಟ್ಟದೆ ಮೊದಲು ಸಾಕಷ್ಟು ಎತ್ತರ ಬೆಳೆಯಲಿ ಎಂದು ರಾತ್ರಿಯನ್ನು ತುಂಡರಿಸುವ ಏರ್ಪಾಡು. ದೀಪ ನಿಲ್ಲಿಸಿದ ದಿನದಿಂದ ಹೂವಿನ ಲೆಕ್ಕ ಆರಂಭವಾಗುತ್ತದೆ. ಹಬ್ಬದ ದಿನಕ್ಕೂ ಹಬ್ಬ ಕಳೆದ ವಾರಕ್ಕೂ ಪೇಟೆಯ ಬೆಲೆಯಲ್ಲಿರುವ ಅಂತರವನ್ನು ಬಲ್ಲವರಿಗೆ ಈ ಲೆಕ್ಕದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಲಾಬಿಗೆ ಇದಾವುದೂ ಬೇಕಿಲ್ಲ. ಹೊಸ ಚಿಗುರು ಹೊರಟಿತೆಂದರೆ ಅದರ ತುದಿಯಲ್ಲಿ ಹೂ. ಆದರೆ ಈ ಗುಣ ಗುಲಾಬಿಯ ಕುಲಕ್ಕೆಲ್ಲ ಇರುವುದಲ್ಲ. ಯೂರೋಪಿನ ಹಳೆಯ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೊಮ್ಮೆ, ಬೇಸಿಗೆಯ ಆರಂಭದಲ್ಲಿ ಮಾತ್ರ ಅರಳುತ್ತಿದ್ದವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾದ ತೋಟಗಳ ಗುಲಾಬಿ ಅಲ್ಲಿಗೆ ತಲುಪಿತು. ಬಂದ ದಾರಿಗಳಲ್ಲಿ ಒಂದು ಕಲ್ಕತ್ತೆಯ ಮೂಲಕವಾದುದರಿಂದ ಅದಕ್ಕೆ ಬಂಗಾಳದ ಗುಲಾಬಿ ಎಂಬ ಹೆಸರೂ ಬಿದ್ದಿತು. ಇದು ತಿಂಗಳುಗಟ್ಟಲೆ ಬಿಡದೆ ಹೂ ಬಿಡುವುದನ್ನು ಕಂಡು ಅಲ್ಲಿನವರು ಬೆರಗಾದರು. ಎರಡನ್ನೂ ಬೆರಸಿ ಪಡೆದ ಸಂತತಿಯೇ ಇಂದು ನಮ್ಮ ಕುಂಡಗಳಲ್ಲಿರುವ ಬಹುಮಟ್ಟಿನ ಗುಲಾಬಿಗಳು. ಗುಲಾಬಿಯಲ್ಲಿ ಹೂವನ್ನು ತಡೆಹಿಡಿಯುವ ಒಂದು ಜೀನಿದೆ. ಚೀನಾದ ಗುಲಾಬಿಯಲ್ಲಿ, ಸ್ಥಾನಬದಲಿಸುವ ಸ್ವಭಾವದ ಬೇರೊಂದು ಡಿಎನ್‌ಎ ತುಣುಕು ಅದರ ನಡುವೆ ಬಂದು ಸೇರಿಕೊಂಡು ಅದನ್ನು ಕೆಡಿಸಿದೆ ಎಂದು ೨೦೧೨ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೇಲಿಗೆ ಬಾಗಿಲಿಲ್ಲದಂತಾಯಿತು, ಹೂವಿಗೆ ತಡೆಯೇ ಉಳಿಯಲಿಲ್ಲ.

ಆದುದರಿಂದ ಗುಲಾಬಿಯ ಕುಂಡಕ್ಕೆ ಎರಡನೆಯ ಹೂವೆಂದರೆ ಎರಡನೆಯ ಚಿಗುರು. ಬಾಡಿದ ಹೂವನ್ನು ಕಾಯಾಗಲು ಬಿಟ್ಟರೆ ಆಹಾರವೆಲ್ಲ ಬೀಜಕ್ಕೆ ಹರಿದುಹೋಗುತ್ತದೆ. ಹೂವಿನ ಕೆಳಗೆ, ಐದು ಎಸಳಿರುವ ಎಲೆಯೊಂದರ ಮೇಲ್ಗಡೆ, ಹೊರಮುಖವಾದ ಮೊಗ್ಗೆಯನ್ನು ನೋಡಿ ಕತ್ತರಿಸಿದರೆ ಆ ಕಂಕುಳಿನಿಂದ ಹೊಸ ರೆಂಬೆ ಹೊರಡುತ್ತದೆ; ಆರೇಳು ವಾರಗಳಲ್ಲಿ ಹೂ. ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರು ಚಾಟನಿ ಎಂದು ಕರೆಯುವುದೂ ಇಂತಹ ಸವರುವಿಕೆಯನ್ನೇ. ದಾಸವಾಳವೂ ಹೀಗೆಯೇ ಹೊಸ ಕುಡಿಯಲ್ಲಿ ಹೂ ಬಿಡುತ್ತದೆ. ದುಂಡುಮಲ್ಲಿಗೆಗೂ ಹೂ ಬರುವುದು ಹೊಸ ರೆಂಬೆಗಳ ತುದಿಯಲ್ಲಿ. ನವೆಂಬರ್ ಕೊನೆಯಲ್ಲಿ ನೀರು ಕಡಿಮೆ ಮಾಡಿ ಗಿಡವನ್ನು ಸವರಿ, ಗೊಬ್ಬರ ಕೊಟ್ಟರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಮೊದಲ ಮೊಗ್ಗು. ಪ್ರತಿಯೊಂದು ಸುತ್ತಿನ ಹೂ ಮುಗಿದ ಮೇಲೆ ತುದಿಗಳನ್ನು ಚಿವುಟುತ್ತಾ ಬಂದರೆ ಮಳೆಗಾಲದ ಕೊನೆಯವರೆಗೂ ಸುತ್ತುಗಳು ಬರುತ್ತವೆ. ಆದರೆ ಮಲ್ಲಿಗೆಗೆ ಬಿಸಿಲೂ ಸೆಕೆಯೂ ಬೇಕು. ಚಳಿಯಲ್ಲಿ ಅದನ್ನು ಒತ್ತಾಯಿಸಿ ಪ್ರಯೋಜನವಿಲ್ಲವೆಂದೇ ನಮ್ಮ ಅಭಿಪ್ರಾಯ.

ಇನ್ನು ಬಾಯಾರಿಕೆಯೇ ಸೂಚನೆಯಾಗಿರುವ ಗಿಡಗಳು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟವನ್ನು ಕಂಡವರಿಗೆ ಇದು ಹೊಸದಲ್ಲ. ಕಾಫಿಯ ಮೊಗ್ಗುಗಳು ಒಂದು ಹಂತದವರೆಗೆ ಬೆಳೆದು, ಬೇಸಿಗೆಯ ಒಣಹವೆಯಲ್ಲಿ ಹಾಗೆಯೇ ನಿದ್ರಿಸುತ್ತವೆ. ಮಾರ್ಚ್, ಏಪ್ರಿಲ್ ವೇಳೆಗೆ ಒಂದು ಹದವಾದ ಮಳೆ ಬಿದ್ದರೆ, ಎಂಟು ಹತ್ತು ದಿನಗಳೊಳಗೆ ಇಡೀ ತೋಟ ಒಮ್ಮೆಗೇ ಬಿಳುಪಾಗುತ್ತದೆ. ಈ ಹೂಮಳೆ ತಪ್ಪಿದರೆ ವರ್ಷದ ಬೆಳೆಯೇ ತಪ್ಪುವುದೆಂದು ತುಂತುರು ನೀರಾವರಿಯಿಂದ ಮಳೆಯನ್ನು ಅನುಕರಿಸುವ ತೋಟಗಳೂ ಇವೆ. ಒಣಹವೆಯಿಲ್ಲದೆ ಸದಾ ನೀರು ದೊರೆತರೆ ಮೊಗ್ಗುಗಳು ಹೀಗೆ ಒಟ್ಟಾಗಿ ಅರಳುವುದಿಲ್ಲವೆಂಬುದು ಗಮನಿಸಬೇಕಾದ ಅಂಶ. ದಾಳಿಂಬೆ ಬೆಳೆಗಾರರು ಕೆಲವು ವಾರ ನೀರು ನಿಲ್ಲಿಸಿ, ಎಲೆಯುದುರಿಸಿ, ಮತ್ತೆ ನೀರು ಕೊಟ್ಟು ತಮಗೆ ಬೇಕಾದ ಋತುವಿನಲ್ಲಿ ಹೂ ಪಡೆಯುವುದೂ ಇದೇ ಬಗೆಯದು. ಅದಕ್ಕೆ ಬಹಾರ್ ಎಂಬ ಹೆಸರಿದೆ.

ಮನೆಯಲ್ಲಿ ಇದನ್ನು ನೋಡಬಯಸುವವರಿಗೆ ಮಳೆ ಲಿಲ್ಲಿಗಿಂತ ಉತ್ತಮವಾದ ಗಿಡ ಬೇರೊಂದಿಲ್ಲ. ಹುಲ್ಲಿನಂತಹ ಎಲೆ, ನೆಲದೊಳಗೆ ಈರುಳ್ಳಿಯಂತಹ ಪುಟ್ಟ ಗೆಡ್ಡೆ, ಗುಲಾಬಿ ಅಥವಾ ಬಿಳಿಯ ಬಣ್ಣದ ಒಂಟಿ ಹೂ. ಕುಂಡವನ್ನು ಮೂರು ನಾಲ್ಕು ವಾರ ಬಹುಮಟ್ಟಿಗೆ ಒಣಗಲು ಬಿಟ್ಟು, ಅನಂತರ ಒಮ್ಮೆಗೇ ನೀರು ತುಂಬಿಸಿದರೆ ಕೆಲವೇ ದಿನಗಳಲ್ಲಿ ಹೂಗಳು ಮೇಲೇಳುತ್ತವೆ. ಬೆಚ್ಚನೆಯ ತಿಂಗಳುಗಳಲ್ಲಿ ಈ ಕ್ರಮವನ್ನು ಹಲವು ಬಾರಿ ನಡೆಸಬಹುದು. ಕಾಗದದ ಹೂವೆಂದು ಹೆಸರಾದ ಬೋಗನ್‌ವಿಲ್ಲಾವೂ ನೀರು ಬಿಗಿಹಿಡಿದಾಗ, ಎಲೆ ಸ್ವಲ್ಪ ಜೋಲುವಷ್ಟರಲ್ಲಿ ನೀರು ಕೊಟ್ಟಾಗ ಚೆನ್ನಾಗಿ ಬಣ್ಣ ತಳೆಯುತ್ತದೆ. ದಿನಕ್ಕೆರಡು ಸಲ ಪ್ರೀತಿಯಿಂದ ನೀರೆರೆದವರ ಮನೆಯಲ್ಲಿ ಅದು ಎಲೆಯ ಪೊದೆಯಾಗಿಯೇ ಉಳಿಯುವುದನ್ನು ಎಲ್ಲರೂ ಕಂಡಿದ್ದೇವೆ.

ತಂಪಿನ ಸೂಚನೆಗೆ ಫೆಲನಾಪ್ಸಿಸ್ ಆರ್ಕಿಡ್ ಒಳ್ಳೆಯ ಉದಾಹರಣೆ. ಹಗಲಿರುಳೂ ೨೮ ಡಿಗ್ರಿಗಿಂತ ಹೆಚ್ಚು ಶಾಖವಿದ್ದರೆ ಅದು ಹೂದಂಡವನ್ನು ಹೊರಡಿಸುವುದಿಲ್ಲ. ಕೆಲವು ವಾರ ಅದಕ್ಕಿಂತ ತಂಪಾದರೆ ಹೊರಡಿಸುತ್ತದೆ. ಬೆಂಗಳೂರಿನ ಚಳಿಗಾಲ ಇದನ್ನು ತಾನಾಗಿಯೇ ಒದಗಿಸುತ್ತದೆ. ಕರಾವಳಿಯಲ್ಲಿ ಕಷ್ಟ ಹೆಚ್ಚು. ಹೂ ಮುಗಿದ ದಂಡ ಹಸಿರಾಗಿದ್ದರೆ ಅದನ್ನು ಬುಡದವರೆಗೆ ಕತ್ತರಿಸದೆ, ಕೆಳಗಿನಿಂದ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿದರೆ ಗೆಣ್ಣಿನಿಂದ ಕವಲೊಡೆದು ಎರಡನೆಯ ಬಾರಿ ಹೂ ಬರುವ ಸಂಭವವುಂಟು. ಟ್ಯೂಲಿಪ್ಪಿನ ಗೆಡ್ಡೆಗಾದರೋ ಮೂರು ತಿಂಗಳಿಗೂ ಮಿಕ್ಕಿ ಶೈತ್ಯಪೆಟ್ಟಿಗೆಯಷ್ಟು ತಂಪು ಬೇಕು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯನ್ನು ಕುಂಡದಲ್ಲಿ ನೆಟ್ಟು ಅವಸರಪಡಿಸುವ ಆಸೆಯನ್ನು ಬಿಡುವುದೇ ಮೇಲು.

ಆಫ್ರಿಕನ್ ವಯೊಲೆಟ್ಟಿನಂತಹ ಗಿಡಗಳು ಯಾವ ಋತುವನ್ನೂ ಕಾಯುವುದಿಲ್ಲ. ಸಾಕಷ್ಟು ಬೆಳಕಿದ್ದರೆ ವರ್ಷದುದ್ದಕ್ಕೂ ಹೂ ಬಿಡುತ್ತವೆ. ಸಾಕಷ್ಟು ಎಂಬುದರಲ್ಲಿಯೇ ನಾವು ಮೋಸಹೋಗುವುದು. ನಡುಹಗಲಿನ ಬಯಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್‌ವರೆಗೆ ಇರುತ್ತದೆ. ಕಿಟಕಿಯಿಂದ ಒಂದೆರಡು ಮೀಟರು ಒಳಕ್ಕೆ ಸರಿದರೆ ಅನೇಕ ಮನೆಗಳಲ್ಲಿ ಅದು ಕೆಲವು ನೂರು ಲಕ್ಸ್‌ಗೆ ಇಳಿಯುತ್ತದೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿದೆಯೆಂದೇ ತೋರುತ್ತದೆ. ಗಿಡಕ್ಕೆ ಮಾತ್ರ ಅದು ಅರೆಹೊಟ್ಟೆಯ ಊಟ.

ಎರಡನೆಯ ಹೂವಿಗೆ ತೆರಬೇಕಾದ ಬೆಲೆಯೂ ಇದರೊಡನೆಯೇ ಕೂಡಿದೆ. ಸೂಚನೆಯು ಗಿಡಕ್ಕೆ ಅಪ್ಪಣೆ ಕೊಡಬಲ್ಲುದು, ಆಹಾರವನ್ನು ಕೊಡಲಾರದು. ಕೆಂಪು ಹೂವಿನ ಹಿಪ್ಪಿಯಾಸ್ಟ್ರಂ ಗೆಡ್ಡೆಯಲ್ಲಿ ಇದು ಲೆಕ್ಕ ಹಾಕಿದಂತೆ ಕಾಣುತ್ತದೆ. ಅದರಲ್ಲಿ ಸುಮಾರು ನಾಲ್ಕು ಎಲೆಗಳು ಮೂಡಿದ ಮೇಲೆ ಒಂದು ಹೂದಂಡದ ಮೊಳಕೆ ಗೆಡ್ಡೆಯೊಳಗೆ ರೂಪುಗೊಳ್ಳುತ್ತದೆ. ಎಂಟು ಹತ್ತು ಎಲೆಗಳನ್ನು ಬಿಸಿಲಿನಲ್ಲಿ ಬೆಳೆಸಿದ ದಪ್ಪ ಗೆಡ್ಡೆ ಎರಡು ದಂಡಗಳನ್ನು ಕೊಡುತ್ತದೆ. ಹೂ ಮುಗಿದೊಡನೆ ಎಲೆಗಳನ್ನು ಕತ್ತರಿಸಿ ಮೂಲೆಗಿಟ್ಟ ಗೆಡ್ಡೆ ಒಂದನ್ನೂ ಕೊಡುವುದಿಲ್ಲ. ಕ್ಯಾಲಂಚೊ, ಸೇವಂತಿಗೆ, ಗುಲಾಬಿ ಯಾವುದೇ ಆಗಲಿ, ಪ್ರತಿಯೊಂದು ಹೂವಿನ ಸುತ್ತಿನ ಅನಂತರ ಹೊಸ ಎಲೆಗಳು ಬಲಿಯುವವರೆಗೆ, ಎಂದರೆ ಕಡಮೆಯೆಂದರೂ ಎಂಟು ವಾರ, ಒಳ್ಳೆಯ ಬೆಳಕಿನಲ್ಲಿಟ್ಟು ಹದವಾಗಿ ಗೊಬ್ಬರ ಕೊಡಬೇಕು. ಗೊಬ್ಬರದ ಕಾಲ ಇದು.